ಕ್ಯಾಲಿಫೋರ್ನಿಯಾದಲ್ಲಿ ಗಾಳ ಹಾಕುವ ಮುಂಚೆ: ಯಾವ ಲೈಸೆನ್ಸ್ ತಗೋಬೇಕು, ಆ ದುಡ್ಡು ಎಲ್ಲಿಗೆ ಹೋಗುತ್ತೆ

ಅಪ್ಪ ಊರಿಂದ ಬಂದಿದ್ದರು. ಸಕಲೇಶಪುರದ ಕಡೆಯವರು, ಹೇಮಾವತಿ ದಂಡೆಯಲ್ಲಿ ಬೆಳೆದವರು. ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದ ಅಪಾರ್ಟ್‌ಮೆಂಟ್‌ನಲ್ಲಿ ಕೂತು ಕೂತು ಹತ್ತನೇ ದಿನಕ್ಕೇ ಬೇಜಾರಾಗಿತ್ತು ಅವರಿಗೆ. ಸರಿ, ಶನಿವಾರ ಲಿವರ್‌ಮೋರ್ ಹತ್ತಿರದ ಡೆಲ್ ವ್ಯಾಲೆ ಕೆರೆಗೆ ಕರೆದುಕೊಂಡು ಹೋದೆ. ನನ್ನ ಹತ್ತಿರ ಲೈಸೆನ್ಸ್ ಇತ್ತು. ಅಪ್ಪನಿಗೆ ಒಂದು ಮಡಚುವ ಕುರ್ಚಿ, ಫ್ಲಾಸ್ಕ್‌ನಲ್ಲಿ ಕಾಫಿ. ಅವರು ನೋಡುತ್ತಾ ಕೂರುವುದು, ನಾನು ಗಾಳ ಹಾಕುವುದು ಅಂತ ಲೆಕ್ಕ.

ನಾನು ರಾಡನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಕಾರಿನ ಹತ್ತಿರ ಹೋಗಿ ಬರುವಷ್ಟರಲ್ಲಿ ಅದರ ತುದಿ ತಲೆಯಾಡಿಸಿದೆ. ಐವತ್ತು ವರ್ಷ ಎರೆಹುಳು ಸಿಕ್ಕಿಸಿ ಗಾಳ ಹಾಕಿದ ಮನುಷ್ಯ ಸುಮ್ನೆ ಕೂರುತ್ತಾರಾ? ನಾನು ವಾಪಸ್ ಬಂದಾಗ ಅಪ್ಪ ನಿಂತುಕೊಂಡು ರೀಲ್ ತಿರುಗಿಸುತ್ತಿದ್ದರು, ಪಕ್ಕದಲ್ಲಿ ಯೂನಿಫಾರ್ಮ್ ಹಾಕಿದ ಮೀನು ಇಲಾಖೆಯ ವಾರ್ಡನ್ ಒಬ್ಬರು ಕಾಯುತ್ತಿದ್ದರು. ಆಯಮ್ಮ ಲೈಸೆನ್ಸ್ ಕೇಳಿದರೆ, ಇವರು ಮೀನು ಕೇಳುತ್ತಿದ್ದಾರೆ ಅಂದುಕೊಂಡು ಬಲೆ ಎತ್ತಿ ಖುಷಿಯಾಗಿ ತೋರಿಸುತ್ತಿದ್ದಾರೆ! ಒಂದಡಿ ಉದ್ದದ ರೇನ್‌ಬೋ ಟ್ರೌಟ್, ಮೈಮೇಲೆ ಗುಲಾಬಿ ಪಟ್ಟಿ.

"ಏನಂತಾರೋ ಇವರು?"

"ನಿಮ್ಮ ಹತ್ರ ಲೈಸೆನ್ಸ್ ಇದೆಯಾ ಅಂತ ಕೇಳ್ತಿದ್ದಾರೆ ಅಪ್ಪಾ."

"ಮೀನು ಹಿಡಿಯೋಕೂ ಲೈಸೆನ್ಸಾ? ಬಂದೂಕಿಗೆ ಸರಿ ಮಗಾ, ಬೈಕಿಗೆ ಸರಿ. ಗಾಳಕ್ಕೆ?"

ನಮ್ಮ ಪುಣ್ಯ, ದಂಡ ಬೀಳಲಿಲ್ಲ. ಮೀನು ಇನ್ನೂ ಜೀವಂತ ಇತ್ತು, ನೀರಿಗೆ ಬಿಡಿಸಿದರು. ಎಚ್ಚರಿಕೆ ಕೊಟ್ಟು ಹೋದರು. ತಪ್ಪು ಪೂರ್ತಿ ನನ್ನದೇ. ಆ ದಿನ ಕಾರಿನಲ್ಲಿ ವಾಪಸ್ ಬರುವಾಗ ಅಪ್ಪ ಕೇಳಿದ ಪ್ರಶ್ನೆಗಳಿಗೆ ಅರ್ಧಕ್ಕರ್ಧ ನನಗೂ ಉತ್ತರ ಗೊತ್ತಿರಲಿಲ್ಲ. ಆಮೇಲೆ ಕೂತು ಓದಿದೆ. ಇಲ್ಲಿ ಗಾಳ ಹಿಡಿಯುವ ಆಸೆ ಇರುವವರಿಗೆ, ಮುಖ್ಯವಾಗಿ ಅಪ್ಪ ಅಮ್ಮ ಬಂದಾಗ ಎಲ್ಲಿಗಾದರೂ ಕರೆದುಕೊಂಡು ಹೋಗಬೇಕು ಅನ್ನುವವರಿಗೆ, ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಯಾರಿಗೆ ಬೇಕು, ಯಾರಿಗೆ ಬೇಡ

16 ವರ್ಷ ತುಂಬಿದ ಯಾರೇ ಆಗಲಿ, ಕ್ಯಾಲಿಫೋರ್ನಿಯಾದಲ್ಲಿ ಮೀನು ಹಿಡಿಯಲು ಲೈಸೆನ್ಸ್ ಬೇಕು. ಅದಕ್ಕಿಂತ ಚಿಕ್ಕ ಮಕ್ಕಳಿಗೆ ಬೇಡ. ಹಿಡಿದ ಮೀನನ್ನು ವಾಪಸ್ ಬಿಡುತ್ತೇವೆ, ತಿನ್ನುವುದೇ ಇಲ್ಲ ಅಂದರೂ ಬೇಕು. ಯಾಕೆಂದರೆ ಇಲ್ಲಿನ ಕಾನೂನಿನಲ್ಲಿ ಹಿಡಿಯುವುದು ಅಂದರೆ ಹಿಡಿಯಲು ಪ್ರಯತ್ನ ಮಾಡುವುದೂ ಸೇರಿತು. ಸಸ್ಯಾಹಾರಿ ಗೆಳೆಯ ಒಬ್ಬ ನನಗೆ ಸುಮಾರು ಹೊತ್ತು ವಾದ ಮಾಡಿದ್ದ, ನಾನು ಮೀನು ತಿನ್ನಲ್ಲ, ಬರೀ ಮಜಾಕ್ಕೆ ಹಿಡಿದು ಬಿಡ್ತೀನಿ, ನನಗ್ಯಾಕೆ ಅಂತ. ವಾರ್ಡನ್ ಎದುರು ಈ ವಾದ ನಡೆಯಲ್ಲ. ರಾಡ್ ಕೈಯಲ್ಲಿ ಇದ್ದು ದಾರ ನೀರಿನಲ್ಲಿ ಇದ್ದರೆ ಮುಗಿಯಿತು, ನೀವು ಮೀನು ಹಿಡಿಯುತ್ತಿದ್ದೀರಿ. "ಒಂದ್ನಿಮಿಷ ಹಿಡ್ಕೋ, ಫೋಟೋ ತೆಗೀತೀನಿ" ಅಂತ ಹೆಂಡತಿ ಕೈಗೋ ಅಪ್ಪನ ಕೈಗೋ ಕೊಡುವುದು ನಾವೆಲ್ಲ ಮಾಡುವ ತಪ್ಪು.

ಒಂದು ತಮಾಷೆ ಕೇಳಿ. ಸಾರ್ವಜನಿಕ ಜಾಗದಲ್ಲಿ ಮೀನು ಹಿಡಿಯುವ ಹಕ್ಕು ಕ್ಯಾಲಿಫೋರ್ನಿಯಾದ ಸಂವಿಧಾನದಲ್ಲೇ ಬರೆದಿದೆ, 1910ರಿಂದ. ಆದರೂ ಲೈಸೆನ್ಸ್ ಬೇಕು. ಹಕ್ಕು ಹಕ್ಕೇ, ಫೀಸು ಫೀಸೇ.

ಲೈಸೆನ್ಸ್ ಇಲ್ಲದೆ ಹಿಡಿಯಲು ಎರಡು ದಾರಿ ಇವೆ. ಒಂದು, ಸಮುದ್ರದ ಮೇಲೆ ಕಟ್ಟಿದ ಸಾರ್ವಜನಿಕ ಪಿಯರ್. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪಿಯರ್‌ಗಳೂ ಇದರಲ್ಲಿ ಸೇರಿವೆ. ಪೆಸಿಫಿಕಾ ಪಿಯರ್‌ನಲ್ಲಿ ಜನ ಸಾಲಾಗಿ ನಿಂತಿರುವುದು ನೋಡಿರುತ್ತೀರಿ. ಆದರೆ ಅದೇ ಪಿಯರ್ ಇಳಿದು ಪಕ್ಕದ ಬಂಡೆ ಮೇಲೋ ಮರಳಿನ ಮೇಲೋ ನಿಂತರೆ ಲೈಸೆನ್ಸ್ ಬೇಕು. ಕೆರೆಯ ಪಿಯರ್‌ಗೆ ಈ ವಿನಾಯಿತಿ ಇಲ್ಲ, ಅಲ್ಲಿ ಬೇಕೇ ಬೇಕು. ಪಿಯರ್‌ನಲ್ಲಿ ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ನಿಯಮ ಬೇಡ ಅಂತಲ್ಲ. ಎಷ್ಟು ಮೀನು, ಎಷ್ಟು ಉದ್ದದ ಮೀನು ಅನ್ನುವ ಮಿತಿ ಎಲ್ಲರಿಗೂ ಒಂದೇ. ಏಡಿ ಹಿಡಿಯುವವರು ಇನ್ನೊಂದು ಗಮನಿಸಿ: ಡಂಜನೆಸ್ ಏಡಿಯನ್ನು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಒಳಗೆ ಹಿಡಿಯುವಂತೆಯೇ ಇಲ್ಲ. ಹೊರಗಿನ ಸಮುದ್ರದಲ್ಲಿ, ಸೀಸನ್‌ನಲ್ಲಿ ಮಾತ್ರ.

ಎರಡನೆಯದು, ವರ್ಷಕ್ಕೆ ಎರಡು ಶನಿವಾರ ಎಲ್ಲರಿಗೂ ಬಿಟ್ಟಿ. ಜುಲೈ 4ರ ಆಸುಪಾಸು ಒಂದು, ಸೆಪ್ಟೆಂಬರ್ ಮೊದಲ ಸೋಮವಾರ ಬರುವ ಲೇಬರ್ ಡೇ ಆಸುಪಾಸು ಇನ್ನೊಂದು. ಮೊದಲ ಸಲ ಹೋಗುವವರು, ಇದು ನಮಗೆ ಹಿಡಿಸುತ್ತಾ ಇಲ್ವಾ ಅಂತ ನೋಡುವವರು, ಆ ದಿನವೇ ಹೋಗಿ. ಬೇರೆಯವರ ರಾಡ್ ಕಡ ಇಸಕೊಂಡರೆ ಖರ್ಚೇ ಇಲ್ಲ.

ಯಾವುದನ್ನು ಕೊಳ್ಳಬೇಕು

ಇಲ್ಲಿ ಜನ ಜಾಸ್ತಿ ಗೊಂದಲ ಮಾಡಿಕೊಳ್ಳುತ್ತಾರೆ. ಮೊದಲು ನೀವು ರೆಸಿಡೆಂಟಾ ಅಲ್ವಾ ನೋಡಿ. ವೀಸಾ ಯಾವುದು, ಗ್ರೀನ್ ಕಾರ್ಡ್ ಬಂತಾ ಅನ್ನುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಕೊಳ್ಳುವ ದಿನಕ್ಕೆ ಹಿಂದಿನ ಆರು ತಿಂಗಳು ಸತತವಾಗಿ ಕ್ಯಾಲಿಫೋರ್ನಿಯಾದಲ್ಲಿ ವಾಸ ಇದ್ದರೆ ಮೀನಿನ ಲೆಕ್ಕಕ್ಕೆ ನೀವು ರೆಸಿಡೆಂಟ್. ಎಚ್-1ಬಿ ಇದ್ದರೂ ಸರಿ, ಓದಲು ಬಂದವರಾದರೂ ಸರಿ. ಹೋದ ತಿಂಗಳು ಡಲ್ಲಾಸಿನಿಂದ ಕೆಲಸ ಬದಲಾಯಿಸಿ ಬಂದ ಅಮೆರಿಕದ ಪ್ರಜೆಯೇ ಆದರೂ ಅವರು ಹೊರಗಿನವರು.

ರೆಸಿಡೆಂಟ್‌ಗೆ ವರ್ಷದ ಲೈಸೆನ್ಸ್ ಅರವತ್ತು ಡಾಲರ್ ಮೇಲೆ ಒಂದಿಷ್ಟು. ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಏರುತ್ತಲೇ ಇರುತ್ತೆ. ಹೊರಗಿನವರಿಗೆ ಅದರ ಎರಡೂವರೆ ಪಟ್ಟಿಗೂ ಜಾಸ್ತಿ. ಒಂದು ದಿನದ ಲೈಸೆನ್ಸ್ ಇಪ್ಪತ್ತು ಡಾಲರ್ ಆಸುಪಾಸು, ಎರಡು ದಿನದ್ದು ಮೂವತ್ತರ ಆಸುಪಾಸು. ಈ ಎರಡರಲ್ಲಿ ಒಳಗಿನವರು ಹೊರಗಿನವರು ಅನ್ನುವ ಭೇದ ಇಲ್ಲ, ಎಲ್ಲರಿಗೂ ಒಂದೇ ರೇಟು. ಹೊರಗಿನವರಿಗೆ ಅಂತಲೇ ಹತ್ತು ದಿನದ್ದೂ ಒಂದಿದೆ, ಅದರ ಬೆಲೆ ಹೆಚ್ಚು ಕಡಿಮೆ ನಮ್ಮ ವರ್ಷದ್ದರಷ್ಟು.

ಲೆಕ್ಕ ಸುಲಭ. ವರ್ಷಕ್ಕೆ ಮೂರು ಸಲಕ್ಕಿಂತ ಜಾಸ್ತಿ ಹೋಗುತ್ತೀರಾ? ವರ್ಷದ್ದೇ ತಗೊಳ್ಳಿ. ಅಪ್ಪ ಅಮ್ಮ ಆರು ತಿಂಗಳ ವೀಸಾದಲ್ಲಿ ಬಂದಿದ್ದಾರಾ? ಒಂದು ದಿನದ್ದು ಸಾಕು, ಯಾವ ಶನಿವಾರ ಹೋಗುತ್ತೀರೋ ಅದಕ್ಕೆ ಮಾತ್ರ. ಪ್ರತಿ ವಾರ ಕರೆದುಕೊಂಡು ಹೋಗುವಷ್ಟು ಪುರುಸೊತ್ತು ನಮಗೆ ಯಾರಿಗೂ ಇರಲ್ಲ, ಸುಮ್ನೆ ದೊಡ್ಡದು ಕೊಳ್ಳಬೇಡಿ.

ಮುಂಚೆ ವರ್ಷದ ಲೈಸೆನ್ಸ್ ಡಿಸೆಂಬರ್ 31ಕ್ಕೆ ಮುಗಿಯುತ್ತಿತ್ತು. ಅಕ್ಟೋಬರ್‌ನಲ್ಲಿ ಕೊಂಡರೂ ಪೂರ್ತಿ ದುಡ್ಡು, ಮೂರು ತಿಂಗಳ ಆಯುಸ್ಸು. ಜನ ಬೈದು ಬೈದು ಕೊನೆಗೆ 2021ರಲ್ಲಿ ಕಾಯಿದೆ ಬದಲಾಯಿತು, 2023ರಿಂದ ಕೊಂಡ ದಿನದಿಂದ 365 ದಿನ ನಡೆಯುತ್ತೆ. ಹಳೇ ಬರಹಗಳಲ್ಲಿ "ಜನವರಿಯಲ್ಲೇ ಕೊಳ್ಳಿ" ಅನ್ನುವ ಸಲಹೆ ಇನ್ನೂ ಕಾಣುತ್ತೆ, ಅದನ್ನು ಬಿಟ್ಟುಬಿಡಿ.

ಇದರ ಮೇಲೆ ಕೆಲವು ಹೆಚ್ಚುವರಿ ಚೀಟಿಗಳಿವೆ. ಕೆರೆ ನದಿಗಳಲ್ಲಿ ಎರಡು ರಾಡ್ ಹಾಕಬೇಕಾದರೆ ಎರಡನೇ ರಾಡಿನ ವ್ಯಾಲಿಡೇಶನ್ ಅಂತ ಬೇರೆ ದುಡ್ಡು. ಶುರು ಮಾಡುವವರಿಗೆ ಬೇಡ, ಒಂದನ್ನೇ ನೆಟ್ಟಗೆ ನೋಡಿಕೊಳ್ಳಲು ಆಗಲ್ಲ. ಲಾಸ್ ಏಂಜಲೀಸ್, ಅರ್ವೈನ್, ಸ್ಯಾನ್ ಡಿಯೇಗೊ ಕಡೆಯವರು ವರ್ಷದ ಲೈಸೆನ್ಸ್ ಇಟ್ಟುಕೊಂಡು ಸಮುದ್ರಕ್ಕೆ ಹೋಗುವುದಾದರೆ ಓಶನ್ ಎನ್‌ಹಾನ್ಸ್‌ಮೆಂಟ್ ಅನ್ನುವ ಚೀಟಿ ಬೇಕು. ಸಾಂಟಾ ಬಾರ್ಬರಾ ಜಿಲ್ಲೆಯ ಪಾಯಿಂಟ್ ಆರ್ಗ್ವೆಲೊದಿಂದ ದಕ್ಷಿಣಕ್ಕೆ ಈ ನಿಯಮ. ಕೆಲವೇ ಡಾಲರ್. ಬಿಳಿ ಸೀಬಾಸ್ ಮರಿಗಳನ್ನು ಸಾಕಿ ಸಮುದ್ರಕ್ಕೆ ಬಿಡುವ ಕಾರ್ಯಕ್ರಮಕ್ಕಾಗಿ ಇದು ಶುರುವಾದದ್ದು. ಸ್ಟೀಲ್‌ಹೆಡ್, ಸ್ಟರ್ಜನ್, ಸ್ಪೈನಿ ಲಾಬ್‌ಸ್ಟರ್‌ಗೆ ಹೋಗುವವರಿಗೆ ರಿಪೋರ್ಟ್ ಕಾರ್ಡ್. ಅದನ್ನು ತುಂಬಿ ವಾಪಸ್ ಒಪ್ಪಿಸಬೇಕು, ಒಂದೂ ಸಿಗಲಿಲ್ಲ ಅಂದರೂ "ಸಿಗಲಿಲ್ಲ" ಅಂತ ಬರೆದು ಒಪ್ಪಿಸಬೇಕು. ಎಷ್ಟು ಜನ ಹೋದರು, ಎಷ್ಟು ಸಿಕ್ಕಿತು ಅಂತ ಗೊತ್ತಾದರೆ ತಾನೇ ಮೀನು ಉಳಿದಿದೆಯಾ ಇಲ್ವಾ ಅಂತ ಲೆಕ್ಕ ಹಾಕೋಕೆ ಆಗೋದು?

ಇನ್ನೊಂದು ಬಾಬತ್ತು, ತುಂಬ ಜನ ಮರೆಯುವುದು. ರಾಜ್ಯದ ಲೈಸೆನ್ಸ್ ಇದ್ದ ಮಾತ್ರಕ್ಕೆ ಎಲ್ಲ ಕೆರೆಗೂ ಪರವಾನಗಿ ಸಿಕ್ಕಿತು ಅಂತಲ್ಲ. ಡೆಲ್ ವ್ಯಾಲೆ, ಪ್ಲೆಸಂಟನ್‌ನ ಶ್ಯಾಡೋ ಕ್ಲಿಫ್ಸ್, ಫ್ರೀಮಾಂಟ್‌ನ ಕ್ವಾರಿ ಲೇಕ್ಸ್, ಇವೆಲ್ಲ ಈಸ್ಟ್ ಬೇ ಪಾರ್ಕ್ ಡಿಸ್ಟ್ರಿಕ್ಟ್‌ನವು. ಅಲ್ಲಿ ದಿನದ ಮೀನು ಪರ್ಮಿಟ್ ಬೇರೆ ಕೊಳ್ಳಬೇಕು, ಪಾರ್ಕಿಂಗ್ ಬೇರೆ. ಆ ಪರ್ಮಿಟ್ ದುಡ್ಡು ಅದೇ ಕೆರೆಗಳಿಗೆ ಮೀನು ತಂದು ಬಿಡಲು ಹೋಗುತ್ತೆ.

ಕೊಳ್ಳುವುದು ಹೇಗೆ

ಎರಡು ದಾರಿ. ಆನ್‌ಲೈನ್, ಇಲ್ಲಾ ಅಂಗಡಿ.

ಆನ್‌ಲೈನ್‌ನಲ್ಲಿ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯ ಸೈಟ್‌ಗೇ ಹೋಗಿ. ವಿಳಾಸದ ಕೊನೆಯಲ್ಲಿ ಸಿಎ ಡಾಟ್ ಗವ್ ಇದೆಯಾ ನೋಡಿಕೊಳ್ಳಿ. ಸುಮ್ನೆ ಹುಡುಕಿದರೆ ಮೇಲೆ ಜಾಹೀರಾತು ಸೈಟ್‌ಗಳು ಬರುತ್ತವೆ, ಅಲ್ಲಿ ದುಡ್ಡು ಕೊಟ್ಟರೆ ನಿಮಗೆ ಸಿಗುವುದು ಲೈಸೆನ್ಸ್ ಅಲ್ಲ, "ಮಾರ್ಗದರ್ಶಿ" ಅನ್ನುವ ಒಂದು ಪಿಡಿಎಫ್. ನನ್ನ ಸಹೋದ್ಯೋಗಿ ಒಬ್ಬರು ಹೀಗೇ ದುಡ್ಡು ಕಳಕೊಂಡರು.

ಮೊದಲ ಸಲ ಆದರೆ ನಿಮ್ಮ ವಿವರ ತುಂಬಬೇಕು. ಆಗ ಒಂದು ಗೋ ಐಡಿ ಅನ್ನುವ ನಂಬರ್ ಸಿಗುತ್ತೆ. ಅದು ನಿಮ್ಮದೇ, ಮುಂದೆ ಪ್ರತಿ ಸಲವೂ ಅದೇ. ಗುರುತಿಗೆ ಡ್ರೈವಿಂಗ್ ಲೈಸೆನ್ಸ್ ಇದ್ದರೆ ಆಯಿತು. ಊರಿಂದ ಬಂದವರಿಗೆ ಪಾಸ್‌ಪೋರ್ಟ್ ನಡೆಯುತ್ತೆ. ಎತ್ತರ, ತೂಕ, ಕಣ್ಣಿನ ಬಣ್ಣ, ಕೂದಲಿನ ಬಣ್ಣ ಎಲ್ಲ ಕೇಳುತ್ತಾರೆ. ಅಪ್ಪನ ಎತ್ತರ ಅಡಿ ಅಂಗುಲದಲ್ಲಿ ಗೊತ್ತು, ತೂಕ ಕೇಜಿಯಲ್ಲಿ ಗೊತ್ತು. ಪೌಂಡಿಗೆ ಬದಲಾಯಿಸಿ ನೋಡಿದಾಗ "ಅಷ್ಟು ದಪ್ಪ ಇದೀನಾ?" ಅಂದರು. ಕೂದಲ ಬಣ್ಣಕ್ಕೆ ಕಪ್ಪು ಅಂತ ಹಾಕು ಅಂದರು, ನಾನು ಬಿಳಿ ಅಂತ ಹಾಕಿದೆ. ಎರಡು ದಿನ ಮಾತಾಡಲಿಲ್ಲ.

ನಮ್ಮವರಿಗೆ ನಿಜವಾದ ತೊಂದರೆ ಹೆಸರಿನದು. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ ಇರುತ್ತೆ, ಇಲ್ಲವೇ ಊರು, ಅಪ್ಪನ ಹೆಸರು, ಸ್ವಂತ ಹೆಸರು ಮೂರೂ ಒಂದೇ ಕಡೆ ಸೇರಿರುತ್ತೆ. ಹೀಗಿದ್ದರೆ ಆನ್‌ಲೈನ್‌ನಲ್ಲಿ ಒದ್ದಾಡಬೇಡಿ, ಪಾಸ್‌ಪೋರ್ಟ್ ಹಿಡಿದುಕೊಂಡು ಅಂಗಡಿಗೆ ಹೋಗಿ. ವಾಲ್‌ಮಾರ್ಟ್, ಬಿಗ್ 5ನಂಥ ಆಟದ ಸಾಮಾನಿನ ಅಂಗಡಿಗಳು, ಕೆರೆ ಹತ್ತಿರದ ಎರೆ ಅಂಗಡಿಗಳಲ್ಲಿ ಲೈಸೆನ್ಸ್ ಸಿಗುತ್ತೆ. ಅಲ್ಲೇ ಪ್ರಿಂಟ್ ಮಾಡಿ ಕೊಡುತ್ತಾರೆ. ಎರೆ ಅಂಗಡಿಯೇ ನನಗಿಷ್ಟ. ಈ ವಾರ ಯಾವ ಮೂಲೆಯಲ್ಲಿ ಮೀನು ಕಚ್ಚುತ್ತಿದೆ ಅಂತ ಅಲ್ಲಿ ಪುಕ್ಕಟೆ ಗೊತ್ತಾಗುತ್ತೆ.

ಕೆಲವು ರಾಜ್ಯಗಳಲ್ಲಿ ಅರ್ಜಿಯಲ್ಲಿ ಸೋಶಿಯಲ್ ಸೆಕ್ಯೂರಿಟಿ ನಂಬರ್ ಕೇಳುತ್ತಾರೆ. ಮೀನಿಗ್ಯಾಕೆ ಅಂತ ಗಾಬರಿ ಬೇಡ. ಮಕ್ಕಳ ಜೀವನಾಂಶ ಕೊಡದೆ ತಪ್ಪಿಸಿಕೊಳ್ಳುವವರನ್ನು ಹಿಡಿಯಲು ಇರುವ ಕೇಂದ್ರದ ಕಾನೂನು, ಮೀನಿನ ಲೈಸೆನ್ಸ್‌ಗೂ ಅನ್ವಯಿಸುತ್ತೆ.

ಫೋನಿನ ಆ್ಯಪ್‌ನಲ್ಲೂ ಲೈಸೆನ್ಸ್ ತೋರಿಸಬಹುದು. ಆದರೆ ಬೆಟ್ಟದ ನಡುವಿನ ಕೆರೆಗಳಲ್ಲಿ ಸಿಗ್ನಲ್ ಇರಲ್ಲ, ಮೊದಲೇ ತೆರೆದು ನೋಡಿಕೊಂಡು ಹೋಗಿ. ನಾನಂತೂ ಕಾಗದವನ್ನೇ ಜಿಪ್‌ಲಾಕ್ ಕವರ್‌ನಲ್ಲಿ ಹಾಕಿ ಗಾಳದ ಡಬ್ಬಿಯಲ್ಲಿ ಇಡುತ್ತೇನೆ. ವಾರ್ಡನ್ ಕೇಳಿದರೆ ತೋರಿಸಬೇಕು. ಐಸ್‌ಬಾಕ್ಸ್ ತೆರೆದು ತೋರಿಸು ಅಂದರೂ ತೋರಿಸಬೇಕು. ಲೈಸೆನ್ಸ್ ಇಲ್ಲದೆ ಸಿಕ್ಕಿಬಿದ್ದರೆ ದಂಡ 100 ಡಾಲರ್‌ನಿಂದ 1000ದವರೆಗೆ, ಕೋರ್ಟಿನ ಖರ್ಚು ಬೇರೆ. ಇಪ್ಪತ್ತು ಡಾಲರ್ ಉಳಿಸಲು ಹೋಗಿ ಯಾಕೆ ಬೇಕು ಇದು?

ಅಪ್ಪನ ಪ್ರಶ್ನೆ: ಈ ದುಡ್ಡು ಯಾರ ಜೇಬಿಗೆ?

ಇಲ್ಲಿವರೆಗಿನದು ಹೇಗೋ ಎಲ್ಲರಿಗೂ ಸಿಗುವ ಮಾಹಿತಿ. ನನಗೆ ನಿಜಕ್ಕೂ ಆಶ್ಚರ್ಯ ಆಗಿದ್ದು ಇದರಲ್ಲಿ. ಅಪ್ಪನಿಗೆ ಸರ್ಕಾರದ ಯಾವ ಫೀಸಿನ ಮೇಲೂ ನಂಬಿಕೆ ಇಲ್ಲ. "ಎಲ್ಲ ಒಂದೇ ಹುಂಡಿಗೆ ಹೋಗುತ್ತೆ, ಆಮೇಲೆ ಯಾರು ತಿಂದರೋ" ಅನ್ನುವುದು ಅವರ ವಾದ. ಇಲ್ಲಿ ಹಾಗಾಗದಂತೆ ಒಂದು ಬೀಗ ಹಾಕಿದ್ದಾರೆ, ಹೇಳ್ತೀನಿ.

1950ರಲ್ಲಿ ಅಮೆರಿಕದ ಸಂಸತ್ತು ಒಂದು ಕಾಯಿದೆ ಮಾಡಿತು. ಮಿಶಿಗನ್‌ನ ಜಾನ್ ಡಿಂಗೆಲ್, ಕೊಲರಾಡೊದ ಎಡ್ವಿನ್ ಜಾನ್ಸನ್ ಇಬ್ಬರೂ ತಂದದ್ದು, ಹಾಗಾಗಿ ಡಿಂಗೆಲ್-ಜಾನ್ಸನ್ ಅಂತಲೇ ಕರೆಯುತ್ತಾರೆ. ಅದಕ್ಕೆ ಮುಂಚೆ 1937ರಲ್ಲೇ ಬೇಟೆಗಾರರ ಬಂದೂಕು, ತೋಟಾಗಳ ತೆರಿಗೆಯಿಂದ ಕಾಡುಪ್ರಾಣಿಗಳಿಗೆ ದುಡ್ಡು ಬರುವ ಇಂಥದ್ದೇ ಏರ್ಪಾಡು ಆಗಿತ್ತು. ಅದನ್ನೇ ನೋಡಿ ಮೀನಿಗೂ ಮಾಡಿದರು. ರಾಡ್, ರೀಲ್, ಗಾಳ, ಕೃತಕ ಎರೆ ಇಂಥವುಗಳ ಮೇಲೆ 10% ತೆರಿಗೆ. ತಯಾರಕರೋ ಆಮದು ಮಾಡುವವರೋ ಕಟ್ಟುತ್ತಾರೆ, ಆದ್ದರಿಂದ ನಮ್ಮ ರಸೀದಿಯಲ್ಲಿ ಕಾಣಲ್ಲ, ಬೆಲೆಯ ಒಳಗೇ ಇರುತ್ತೆ. ಗಾಳದ ಡಬ್ಬಿಗೆ 3%. ರಾಡಿನ ಮೇಲೆ ಎಷ್ಟೇ ದುಬಾರಿ ಆದರೂ ತೆರಿಗೆ 10 ಡಾಲರ್ ದಾಟುವಂತಿಲ್ಲ.

1984ರಲ್ಲಿ ಇದನ್ನು ದೊಡ್ಡದು ಮಾಡಿದರು. ಮೋಟಾರ್ ದೋಣಿಗೆ ಹಾಕುವ ಪೆಟ್ರೋಲಿನ ತೆರಿಗೆಯ ಪಾಲನ್ನೂ ಇದೇ ನಿಧಿಗೆ ಸೇರಿಸಿದರು. ಕೊನೆಗೆ ಹುಲ್ಲು ಕತ್ತರಿಸುವ ಯಂತ್ರದಂಥ ಸಣ್ಣ ಇಂಜಿನ್‌ಗಳ ಪೆಟ್ರೋಲ್ ತೆರಿಗೆಯೂ ಬಂದು ಸೇರಿತು, ಅದು ಕರಾವಳಿಯ ಜೌಗು ಪ್ರದೇಶಗಳನ್ನು ಉಳಿಸಲು ಹೋಗುತ್ತೆ. ಅಂದರೆ ಜನ್ಮದಲ್ಲಿ ಗಾಳ ಮುಟ್ಟದ ಪಕ್ಕದ ಮನೆಯಾತ ಭಾನುವಾರ ಬೆಳಿಗ್ಗೆ ಗರ್ರ್ ಅಂತ ಹುಲ್ಲು ಕತ್ತರಿಸಿ ನಮ್ಮ ನಿದ್ದೆ ಕೆಡಿಸುವಾಗ, ಎಲ್ಲೋ ಮೀನಿಗೆ ನಾಲ್ಕು ಕಾಸು ಕೊಡುತ್ತಿರುತ್ತಾನೆ.

ಇದರಿಂದ ರಾಜ್ಯಗಳಿಗೆ ಹಂಚುವ ಮೊತ್ತ ವರ್ಷಕ್ಕೆ 400 ಮಿಲಿಯನ್ ಡಾಲರ್ ಆಸುಪಾಸು. ಹಂಚುವ ಸೂತ್ರ ನೋಡಿ, ಲೈಸೆನ್ಸ್‌ನ ಬೆಲೆ ಗೊತ್ತಾಗುವುದು ಇಲ್ಲೇ. 40% ಪಾಲು ರಾಜ್ಯದ ನೆಲ ನೀರಿನ ವಿಸ್ತೀರ್ಣ ನೋಡಿ. ಉಳಿದ 60% ಆ ರಾಜ್ಯದಲ್ಲಿ ದುಡ್ಡು ಕೊಟ್ಟು ಲೈಸೆನ್ಸ್ ಕೊಂಡವರ ತಲೆ ಎಣಿಸಿ. ಮೀನು ಹಿಡಿದವರನ್ನಲ್ಲ, ಲೈಸೆನ್ಸ್ ಕೊಂಡವರನ್ನು. ನೀವು ಕೊಂಡು ವರ್ಷಪೂರ್ತಿ ಸೋಫಾ ಮೇಲೆ ಮಲಗಿದ್ದರೂ ನಿಮ್ಮ ತಲೆ ಲೆಕ್ಕಕ್ಕೆ ಬಂತು. ಲೈಸೆನ್ಸ್ ಇಲ್ಲದೆ ಕದ್ದು ಹಿಡಿದರೆ ರಾಜ್ಯಕ್ಕೆ ನಿಮ್ಮ ಫೀಸೂ ಇಲ್ಲ, ಕೇಂದ್ರದಿಂದ ನಿಮ್ಮ ತಲೆ ಲೆಕ್ಕದ ದುಡ್ಡೂ ಇಲ್ಲ, ಎರಡೂ ಕಡೆ ನಷ್ಟ. ಯಾವ ರಾಜ್ಯಕ್ಕೂ ಒಟ್ಟು ಮೊತ್ತದ 5% ಮೀರುವಂತಿಲ್ಲ, 1%ಗಿಂತ ಕಮ್ಮಿ ಆಗುವಂತಿಲ್ಲ. ಕೆಲಸದ ಖರ್ಚಿನಲ್ಲಿ ಮುಕ್ಕಾಲು ಭಾಗದವರೆಗೆ ಕೇಂದ್ರ ಕೊಡುತ್ತೆ, ಕಾಲು ಭಾಗ ರಾಜ್ಯ ಹಾಕಬೇಕು. ಆ ಕಾಲು ಭಾಗಕ್ಕೆ ಲೈಸೆನ್ಸ್ ದುಡ್ಡೂ ಆಗುತ್ತೆ. ಅಂದರೆ ಹಾಗೆ ಹಾಕಿದ ಒಂದೊಂದು ಡಾಲರ್‌ಗೂ ಮೂರು ಡಾಲರ್ ಜೊತೆಗೂಡಬಹುದು.

ಈಗ ಆ ಬೀಗ. ಈ ಕೇಂದ್ರದ ದುಡ್ಡು ಬೇಕಾದರೆ ರಾಜ್ಯ ಮೊದಲೇ ಕಾಯಿದೆ ಮಾಡಿ ಒಪ್ಪಿಕೊಳ್ಳಬೇಕು, ಮೀನಿನ ಲೈಸೆನ್ಸ್‌ನಿಂದ ಬಂದ ದುಡ್ಡನ್ನು ಮೀನು ಇಲಾಖೆಯ ಕೆಲಸ ಬಿಟ್ಟು ಬೇರೆಯದಕ್ಕೆ ಬಳಸಲ್ಲ ಅಂತ. ರಸ್ತೆಗೆ, ಶಾಲೆಗೆ ಅಂತ ತಿರುಗಿಸಿದರೆ ಕೇಂದ್ರದ ಪಾಲು ನಿಂತುಹೋಗುತ್ತೆ. ಬಜೆಟ್‌ನಲ್ಲಿ ಎಷ್ಟೇ ತೂತು ಬಿದ್ದರೂ ಈ ಗಡಿಗೆಗೆ ಕೈ ಹಾಕುವುದು ಕಷ್ಟ. ಇದನ್ನು ಕೇಳಿ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಪರವಾಗಿಲ್ಲ, ಯಾರೋ ಕಳ್ಳರನ್ನು ಚೆನ್ನಾಗಿ ಬಲ್ಲವರೇ ಬರೆದಿದ್ದಾರೆ" ಅಂದರು.

ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಲೆಕ್ಕ ಇದೆ. 2005ರಲ್ಲಿ ಆದ ಕಾಯಿದೆ ಪ್ರಕಾರ ಮೀನಿನ ಲೈಸೆನ್ಸ್ ದುಡ್ಡಿನಲ್ಲಿ ಮೂರರಲ್ಲಿ ಒಂದು ಪಾಲು ಮರಿ ಸಾಕುವ ಹ್ಯಾಚರಿಗಳಿಗೂ ಒಳನಾಡಿನ ಮೀನಿನ ಕೆಲಸಕ್ಕೂ ಮೀಸಲು. ಡೆಲ್ ವ್ಯಾಲೆಯಲ್ಲಿ ಅಪ್ಪ ಎತ್ತಿದ ಟ್ರೌಟ್ ಅಲ್ಲೇ ಹುಟ್ಟಿದ್ದಲ್ಲ. ಬೇ ಏರಿಯಾದ ಕೆರೆಗಳು ಬೇಸಿಗೆಯಲ್ಲಿ ಟ್ರೌಟ್‌ಗೆ ತಡೆಯದಷ್ಟು ಬಿಸಿ. ಹ್ಯಾಚರಿಯಲ್ಲಿ ಬೆಳೆಸಿ, ತಂಪಿನ ತಿಂಗಳುಗಳಲ್ಲಿ ಲಾರಿಯಲ್ಲಿ ತಂದು ಸುರಿಯುತ್ತಾರೆ, ನಾವು ಹಿಡಿಯುತ್ತೇವೆ. ನನ್ನ ಮಟ್ಟಿಗೆ ಇದು ಅರ್ಧ ಮೀನುಗಾರಿಕೆ, ಅರ್ಧ ಹೋಮ್ ಡೆಲಿವರಿ. ಈ ದುಡ್ಡಲ್ಲಿ ಇಲ್ಲಿಯದೇ ಮೀನುಗಳ ಹೊಳೆಗಳನ್ನು ಸರಿ ಮಾಡುವುದು ಜಾಸ್ತಿ ಆಗಬೇಕು, ತಂದು ಸುರಿಯುವುದು ಕಮ್ಮಿ ಆಗಬೇಕು ಅಂತ ನನಗನ್ನಿಸುತ್ತೆ. ಆದರೆ ಏನೂ ಸಿಗದ ಕೆರೆಗೆ ಯಾರೂ ಬರಲ್ಲ, ಬರದಿದ್ದರೆ ಲೈಸೆನ್ಸ್ ಇಲ್ಲ, ಲೈಸೆನ್ಸ್ ಇಲ್ಲದಿದ್ದರೆ ಹೊಳೆಗೂ ದುಡ್ಡಿಲ್ಲ. ಗಂಟು ಇಲ್ಲಿದೆ.

ಹ್ಯಾಚರಿ ನಡೆಸುವುದೂ ಸುಲಭ ಅಲ್ಲ. 2014ರ ಬರಗಾಲದಲ್ಲಿ ಸ್ಯಾಕ್ರಮೆಂಟೊ ಹತ್ತಿರದ ಅಮೆರಿಕನ್ ನದಿಯ ಹ್ಯಾಚರಿಗಳಲ್ಲಿ ನೀರು ಬಿಸಿಯಾಗುತ್ತೆ ಅಂತ ಮೀನುಗಳನ್ನೆಲ್ಲ ಮುಂಚೆಯೇ ಖಾಲಿ ಮಾಡಿಸಿದರು. 2020ರಲ್ಲಿ ಬ್ಯಾಕ್ಟೀರಿಯಾ ರೋಗ ಬಂದು ದಕ್ಷಿಣದ ಮೂರು ಹ್ಯಾಚರಿಗಳಲ್ಲಿ 32 ಲಕ್ಷ ಮೀನುಗಳನ್ನು ಕೊಲ್ಲಬೇಕಾಯಿತು. ಸಾಲ್ಮನ್ ಕಥೆ ಇನ್ನೂ ಬೇಸರದ್ದು. ನದಿಗಳಿಗೆ ವಾಪಸ್ ಬರುವ ಮೀನು ತೀರಾ ಕಮ್ಮಿಯಾಗಿ 2023, 2024 ಎರಡೂ ವರ್ಷ ಸಮುದ್ರದ ಸಾಲ್ಮನ್ ಸೀಸನ್ ಪೂರ್ತಿ ಮುಚ್ಚಿದರು, ಮೀನುಗಾರರಿಗೂ ಹವ್ಯಾಸದವರಿಗೂ.

ಸೀಸನ್ ಮುಚ್ಚುವುದು ನಮಗೇನು ಹೊಸದಲ್ಲ. ನಮ್ಮ ಕರಾವಳಿಯಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳು ಸಮುದ್ರಕ್ಕೆ ಇಳಿಯಲ್ಲ. ಮಲೆನಾಡಿನಲ್ಲಿ ಮಾತ್ರ ಉಲ್ಟಾ. ಮೊದಲ ಮಳೆಗೆ ಮೊಟ್ಟೆಯಿಡಲು ಹಳ್ಳದಿಂದ ಗದ್ದೆಗೆ ಹತ್ತುವ ಮೀನನ್ನು ಕಾದು ಕೂತು ಹಿಡಿಯುವುದೇ ಹಬ್ಬ. ಅಪ್ಪನೇ ಒಪ್ಪಿಕೊಂಡರು, ಈಗ ಗದ್ದೆಗೆ ಹತ್ತಿ ಬರುವ ಮೀನು ಅವರ ಚಿಕ್ಕಂದಿನಲ್ಲಿ ಬರುತ್ತಿದ್ದುದರ ಕಾಲು ಭಾಗವೂ ಇಲ್ಲ ಅಂತ.

ಗಾಳದವರ ದುಡ್ಡಲ್ಲೇ ಮೀನು ಕಾಯುವ ಪ್ರಯೋಗ ನಮ್ಮ ಕಾವೇರಿಯಲ್ಲೂ ನಡೆದಿತ್ತು, ಗೊತ್ತಾ? 1972ರಲ್ಲಿ ಶುರುವಾದ ವೈಲ್ಡ್‌ಲೈಫ್ ಅಸೋಸಿಯೇಶನ್ ಆಫ್ ಸೌತ್ ಇಂಡಿಯಾದವರು ನದಿಯ ಕೆಲವು ಭಾಗಗಳನ್ನು ಕಾದರು. ಆಮೇಲೆ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಕಳಿಯಲ್ಲಿ ಕ್ಯಾಂಪ್‌ಗಳು ಬಂದವು. ಮಹಶೀರ್ ಅನ್ನುವ ದೊಡ್ಡ ನದಿ ಮೀನನ್ನು ಹಿಡಿದು, ತೂಗಿ, ಫೋಟೋ ತೆಗೆದು ವಾಪಸ್ ಬಿಡಬೇಕು. ಹೊರದೇಶದವರು ಕೊಟ್ಟ ಫೀಸಿನಿಂದ ಕಾವಲುಗಾರರಿಗೆ ಸಂಬಳ. ಮುಂಚೆ ಸಿಡಿಮದ್ದು ಹಾಕಿ ಮೀನು ಹೊಡೆಯುತ್ತಿದ್ದ ಕೆಲವರೇ ಗೈಡ್‌ಗಳಾದರು. ಕಬಿನಿಯಲ್ಲಿ 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಹಿಡಿದ 120 ಪೌಂಡ್ ಮಹಶೀರ್ ಇವತ್ತಿಗೂ ಹೆಸರುವಾಸಿ. ಅಭಯಾರಣ್ಯದ ಒಳಗೆ ಗಾಳ ಹಾಕುವುದು ವನ್ಯಜೀವಿ ಕಾಯಿದೆಗೆ ವಿರುದ್ಧ ಅಂತ 2010ರ ದಶಕದ ಶುರುವಿನಲ್ಲಿ ಆ ಕ್ಯಾಂಪ್‌ಗಳ ಗಾಳ ನಿಂತಿತು. ಕಾವೇರಿಯ ಆ ಡುಬ್ಬದ ಮಹಶೀರ್ 2018ರಲ್ಲಿ ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿ ಸೇರಿತು. ಗಾಳ ನಿಲ್ಲಿಸಿದ್ದು ಸರಿಯಾ ತಪ್ಪಾ ಅಂತ ಈಗಲೂ ಜಗಳ ಇದೆ. ನನ್ನ ಅಭಿಪ್ರಾಯ ಇಷ್ಟೇ: ಗಾಳದವರನ್ನು ಕಳಿಸಿದ ಮೇಲೆ ಕಾವಲಿನ ಸಂಬಳ ಯಾರು ಕೊಡಬೇಕು ಅನ್ನುವುದನ್ನೂ ಅದೇ ದಿನ ತೀರ್ಮಾನ ಮಾಡಬೇಕಿತ್ತು.

ಹೋಗುವ ದಿನ

ಲೈಸೆನ್ಸ್ ಆಯಿತು. ಹಿಂದಿನ ರಾತ್ರಿ ಮೂರು ವಿಷಯ ನೋಡಿ. ಇಲಾಖೆಯ ಸೈಟ್‌ನಲ್ಲಿ ಯಾವ ಜಿಲ್ಲೆಯ ಯಾವ ಕೆರೆಗೆ ಯಾವ ವಾರ ಮೀನು ಬಿಡುತ್ತಾರೆ ಅನ್ನುವ ಪಟ್ಟಿ ಇರುತ್ತೆ, ಲೈಸೆನ್ಸ್ ದುಡ್ಡಿನ ಫಲ ಅಂದರೆ ಇದೇ, ಬಳಸಿಕೊಳ್ಳಿ. ಆಮೇಲೆ ಆ ನೀರಿನ ನಿಯಮ: ಎಷ್ಟು ಮೀನು, ಎಷ್ಟು ಉದ್ದ, ಮುಳ್ಳಿಲ್ಲದ ಗಾಳ ಬೇಕಾ ಅಂತ. ಕೆಲವು ಹೊಳೆಗಳಲ್ಲಿ ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಲೇಬೇಕು.

ಮೂರನೆಯದು ತಿನ್ನುವವರಿಗೆ. ಇಲ್ಲಿ ಚಿನ್ನದ ಗಣಿಗಾರಿಕೆ ಕಾಲದಲ್ಲಿ ಸುರಿದ ಪಾದರಸ ಇನ್ನೂ ನೀರಿನ ತಳದಲ್ಲಿದೆ. ಯಾವ ಕೆರೆಯ ಯಾವ ಮೀನನ್ನು ವಾರಕ್ಕೆ ಎಷ್ಟು ಸಲ ತಿನ್ನಬಹುದು ಅಂತ ರಾಜ್ಯವೇ ಪಟ್ಟಿ ಕೊಡುತ್ತೆ, ಮಕ್ಕಳಿಗೂ ಗರ್ಭಿಣಿಯರಿಗೂ ಬೇರೆ ಮಿತಿ. ಸ್ಯಾನ್ ಹೋಸೆಯ ಆಲ್ಮಡೆನ್ ಕಡೆ ನಮ್ಮವರು ಜಾಸ್ತಿ ಇದ್ದೀರಿ, ನೀವಂತೂ ನೋಡಲೇಬೇಕು. ಆ ಬೆಟ್ಟದಲ್ಲೇ ಹಳೇ ಪಾದರಸದ ಗಣಿ ಇತ್ತು. ಮನೆ ಪಕ್ಕದ ಕೆರೆ ಅಂತ ಹಿಡಿದು ಸಾರು ಮಾಡಬೇಡಿ.

ಕಯಾಕ್ ಒಯ್ಯುವುದಾದರೆ ಮೊದಲೇ ಫೋನ್ ಮಾಡಿ. 2024ರಲ್ಲಿ ಸ್ಟಾಕ್ಟನ್ ಬಂದರಿನ ಹತ್ತಿರ ಗೋಲ್ಡನ್ ಮಸ್ಸೆಲ್ ಅನ್ನುವ ಹೊರಗಿನ ಚಿಪ್ಪುಜೀವಿ ಸಿಕ್ಕಿದ ಮೇಲೆ ದೋಣಿಗಳ ತಪಾಸಣೆ ಜೋರಾಗಿದೆ. ಮನೆಯ ಅಕ್ವೇರಿಯಂ ಮೀನನ್ನು ಪಾಪ ಅಂತ ಕೆರೆಗೆ ಬಿಡುವುದೂ ಬೇಡ.

ಬೇರೆ ರಾಜ್ಯದವರಿಗೆ ಎರಡು ಮಾತು. ಒಂದು ರಾಜ್ಯದ ಲೈಸೆನ್ಸ್ ಇನ್ನೊಂದರಲ್ಲಿ ನಡೆಯಲ್ಲ. ಟೆಕ್ಸಾಸ್‌ನಲ್ಲಿ 17 ವರ್ಷದೊಳಗಿನವರಿಗೆ ಬೇಡ, ಸ್ಟೇಟ್ ಪಾರ್ಕ್ ಒಳಗಿನ ದಡದಿಂದ ಹಿಡಿಯುವ ಯಾರಿಗೂ ಬೇಡ. ಸಾಮಾನ್ಯ ಲೈಸೆನ್ಸ್ ಅಲ್ಲಿ ಆಗಸ್ಟ್ 31ಕ್ಕೆ ಮುಗಿಯುತ್ತೆ, ಹಾಗಾಗಿ ಜುಲೈನಲ್ಲಿ ಕೊಳ್ಳುವವರು ಯೋಚನೆ ಮಾಡಿ. ನ್ಯೂಜೆರ್ಸಿಯಲ್ಲಿ ಸಮುದ್ರದ ಮೀನಿಗೆ ದುಡ್ಡಿಲ್ಲದ ನೋಂದಣಿ ಸಾಕು, ಸಿಹಿನೀರಿಗೆ ಲೈಸೆನ್ಸ್, ಟ್ರೌಟ್‌ಗೆ ಅದರ ಮೇಲೊಂದು ಸ್ಟ್ಯಾಂಪ್.

ಆ ಎಚ್ಚರಿಕೆ ಆದ ಮುಂದಿನ ಶನಿವಾರವೇ ಎರೆ ಅಂಗಡಿಯಲ್ಲಿ ಅಪ್ಪನ ಹೆಸರಿಗೆ ಒಂದು ದಿನದ್ದು ಕೊಂಡೆ. ಅದೇ ಕುರ್ಚಿ, ಅದೇ ಜಾಗ. ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಎರಡರವರೆಗೆ ಕೂತರೂ ಒಂದೂ ಕಚ್ಚಲಿಲ್ಲ. ವಾರ್ಡನ್ ಕೂಡ ಬರಲಿಲ್ಲ, ಅದೇ ಅವರಿಗೆ ಜಾಸ್ತಿ ಬೇಜಾರು. ಜೇಬಿನಿಂದ ಚೀಟಿ ತೆಗೆದು ತೆಗೆದು ನೋಡುತ್ತಿದ್ದರು. ಮಾರ್ಚ್‌ನಲ್ಲಿ ಮತ್ತೆ ಬರುತ್ತಾರೆ. ಗೋ ಐಡಿ ನಂಬರ್ ನನ್ನ ಫೋನ್‌ನಲ್ಲಿದೆ, ಈ ಸಲ ಎರಡು ದಿನದ್ದು ತಗೊಳ್ಳುವುದು ಅಂತ ಮಾತಾಗಿದೆ, ಕೂದಲಿನ ಬಣ್ಣ ಕಪ್ಪು ಅಂತ ತಿದ್ದಿಸಬೇಕಂತೆ.